ಸ್ವಿಚ್ ಆಫ್ ಆಯಿತು, ಚಾರ್ಜ್ ಹೋಗಲಿಲ್ಲ: ಒಂದು ಟೆಫ್ಲಾನ್ ಕಂಬದ ಪ್ರಕರಣ

ನಮ್ಮ ಟೆಸ್ಟ್ ಬೆಂಚಿನಲ್ಲಿ ಒಂದು ಟೆಫ್ಲಾನ್ ಕಂಬ ಇದೆ. 40 ಮಿಲಿಮೀಟರ್ ಎತ್ತರ, 30 ಮಿಲಿಮೀಟರ್ ವ್ಯಾಸ. ಕೈಯಲ್ಲಿ ಹಿಡಿದರೆ ದಪ್ಪ ಮೇಣದ ಬತ್ತಿಯ ತುಂಡಿನ ಹಾಗಿರುತ್ತದೆ. ಅದರ ಮೇಲೆ ಹೈ ವೋಲ್ಟೇಜ್ ತಟ್ಟೆ, ಕೆಳಗೆ ಅರ್ತ್ ತಟ್ಟೆ. ಮೇಲಿನ ತಟ್ಟೆಯನ್ನು ಹೊತ್ತು ನಿಲ್ಲಬೇಕು, ಕರೆಂಟ್ ಹರಿಯಲು ಬಿಡಬಾರದು, ಅಷ್ಟೇ ಅದರ ಕೆಲಸ. ಇಷ್ಟು ಸರಳ ಕೆಲಸದ ಈ ಕಂಬ ನಮ್ಮನ್ನು ಆರು ವಾರ ಸುತ್ತಾಡಿಸಿತು, ಅದೂ ನಾವು ಮಾಡಿದ ಪ್ರತಿಯೊಂದು ಒಳ್ಳೆ ಕೆಲಸದಿಂದ ಸಮಸ್ಯೆ ಇನ್ನಷ್ಟು ಹೆಚ್ಚಾಗುತ್ತಾ ಹೋಯಿತು. ಅದಕ್ಕೇ ಪೂರ್ತಿ ಬರೆದಿಡುತ್ತಿದ್ದೇನೆ.

ಮೊದಲು ಬೆಂಚಿನ ಬಗ್ಗೆ ಸ್ವಲ್ಪ. ತೆಳುವಾದ ಪ್ಲಾಸ್ಟಿಕ್ ಹಾಳೆಗಳ ಮೂಲಕ ಡಿಸಿ ವೋಲ್ಟೇಜಿನಲ್ಲಿ ಎಷ್ಟು ಕರೆಂಟ್ ಸೋರುತ್ತದೆ ಅಂತ ನಾವು ಅಳೆಯುತ್ತೇವೆ. ಸೋರುವುದು ಪಿಕೋಆಂಪಿಯರ್ ಲೆಕ್ಕದಲ್ಲಿ, ಅಂದರೆ ಆಂಪಿಯರಿನ ಲಕ್ಷ ಕೋಟಿಯಲ್ಲಿ ಒಂದು ಭಾಗದ ಲೆಕ್ಕ. ಅಷ್ಟು ಸಣ್ಣ ಕರೆಂಟ್ ಅಳೆಯುವಾಗ ಆಸರೆಯ ಕಂಬವೇ ಸೋರಿದರೆ ಅಳತೆ ಕೆಟ್ಟಂತೆ, ಅಲ್ವಾ? ಹಾಗಾಗಿ ಸಿಗುವ ಇನ್ಸುಲೇಟರ್‌ಗಳಲ್ಲೇ ಉತ್ತಮವಾದದ್ದು ಅಂತ ಟೆಫ್ಲಾನ್ ಆರಿಸಿದ್ದೆವು. ಬೆಂಚು ಸುಮಾರು 100 ಲೀಟರಿನ ಮುಚ್ಚಿದ ಪೆಟ್ಟಿಗೆಯೊಳಗೆ ಇದೆ, ತೇವ ಬರದಂತೆ ಸಿಲಿಕಾ ಜೆಲ್ ಇಟ್ಟಿರುತ್ತೇವೆ. ದಿನದ ಕ್ರಮ ಹೀಗೆ: ಬೆಳಿಗ್ಗೆ ಮೈನಸ್ 25 ಕಿಲೋವೋಲ್ಟ್‌ನಲ್ಲಿ ಐದಾರು ಗಂಟೆ, ಆಮೇಲೆ ಆಫ್ ಮಾಡಿ, ಅರ್ತ್ ಕೋಲು ಮುಟ್ಟಿಸಿ, ಹಾಳೆ ಬದಲಿಸಿ, ಮಧ್ಯಾಹ್ನ ಪ್ಲಸ್ 25 ಕಿಲೋವೋಲ್ಟ್.

ಒಂದು ಮಧ್ಯಾಹ್ನ ಪ್ಲಸ್ ವೋಲ್ಟೇಜ್ ಏರಿಸುತ್ತಿದ್ದಾಗ 22 ಕಿಲೋವೋಲ್ಟ್ ಹತ್ತಿರ ಚಟಾರ್ ಅಂತ ಸದ್ದು. ಕಿಡಿ ಕಂಬದ ಮೈಮೇಲೇ ಮೇಲಿಂದ ಕೆಳಗೆ ಹಾರಿತ್ತು, ಸಪ್ಲೈ ಟ್ರಿಪ್ ಆಗಿತ್ತು. ಅದೇ ಕಂಬ ಬೆಳಿಗ್ಗೆಯೆಲ್ಲ ಮೈನಸ್ 25ರಲ್ಲಿ ಒಂದು ಸದ್ದೂ ಇಲ್ಲದೆ ನಿಂತಿತ್ತು. ಬೆಂಚ್ ಕಟ್ಟಿದ ಹೊಸದರಲ್ಲಿ ಎರಡೂ ಪೊಲ್ಯಾರಿಟಿಯಲ್ಲಿ (ಪ್ಲಸ್, ಮೈನಸ್) 30 ಕಿಲೋವೋಲ್ಟ್‌ವರೆಗೆ ಹತ್ತು ಹತ್ತು ಸಲ ಏರಿಸಿ ನೋಡಿದ್ದೆವು. ಆಗ ಏನೂ ಆಗಿರಲಿಲ್ಲ.

ಧೂಳು ಅಂತ ತೀರ್ಮಾನಿಸಿದ್ದು

ಇನ್ಸುಲೇಟರ್ ಮೇಲೆ ಕಿಡಿ ಹಾರಿದರೆ ಯಾರಾದರೂ ಮೊದಲು ಅನುಮಾನಿಸುವುದು ಕೊಳೆಯನ್ನು. ನಾವೂ ಹಾಗೇ ಮಾಡಿದೆವು. ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಕಂಬವನ್ನು ಒರೆಸಿ, ಆರಲು ಬಿಟ್ಟು, ಮತ್ತೆ ಏರಿಸಿದೆವು. ಪ್ಲಸ್ 30 ಕಿಲೋವೋಲ್ಟ್‌ವರೆಗೂ ಹೋಯಿತು. ಲಾಗ್ ಪುಸ್ತಕದಲ್ಲಿ "ಕಂಬದ ಮೇಲೆ ಧೂಳು, ಒರೆಸಿದ ಮೇಲೆ ಸರಿ" ಅಂತ ಬರೆದೆವು. ಮಾರನೇ ದಿನ ಮಧ್ಯಾಹ್ನ ಮತ್ತೆ ಅದೇ ಚಟಾರ್. ಮತ್ತೆ ಒರೆಸಿದೆವು, ಮತ್ತೆ ಸರಿ ಹೋಯಿತು.

ಧೂಳೇ ಕಾರಣ ಅಂತಾದರೆ ಧೂಳು ಬರದಂತೆ ತಡೆಯಬೇಕು ತಾನೆ? ಪೆಟ್ಟಿಗೆಯ ಬಾಗಿಲಿಗೆ ರಬ್ಬರ್ ಸೀಲ್ ಹಾಕಿಸಿದೆವು. ಸಿಲಿಕಾ ಜೆಲ್ ಜಾಸ್ತಿ ಇಟ್ಟು ತೇವಾಂಶವನ್ನು ಶೇ 20ಕ್ಕಿಂತ ಕೆಳಗೆ ಇಳಿಸಿದೆವು. ಮೊದಲು ಮಧ್ಯಾಹ್ನ ಬಾಗಿಲು ತೆರೆದಿಟ್ಟು ಒಂದು ಗಂಟೆ ಹಾಗೇ ಬಿಡುತ್ತಿದ್ದೆವು, ಧೂಳು ಸೇರುತ್ತದೆ ಅಂತ ಅದನ್ನೂ ನಿಲ್ಲಿಸಿದೆವು. ಇಷ್ಟೆಲ್ಲ ಮಾಡಿದ ಮೇಲೆ ಕಿಡಿ ವಾರಕ್ಕೆ ಎರಡು ಸಲ ಇದ್ದದ್ದು ಹೆಚ್ಚುಕಡಿಮೆ ದಿನಾ ಆಯಿತು.

ಇನ್ನೂ ಗೊಂದಲ ಆದದ್ದು ಮೂರನೇ ವಾರ. ಆಗ ಒರೆಸಿದ ತಕ್ಷಣ ಏರಿಸಿದರೂ ಕಿಡಿ ಹಾರಿತು, ಅದೂ 19 ಕಿಲೋವೋಲ್ಟ್‌ಗೇ. ಹೊಸ ಕಂಬ ಹಾಕಿ, ಅದನ್ನೂ ಒರೆಸಿ, ಮೈನಸ್ ವೋಲ್ಟೇಜ್ ಕೊಡದೆ ನೇರವಾಗಿ ಪ್ಲಸ್ ಏರಿಸಿದರೂ ಒಮ್ಮೊಮ್ಮೆ ಹಾರಿತು, ಒಮ್ಮೊಮ್ಮೆ ಇಲ್ಲ. ಟೆಫ್ಲಾನಿನ ಲಾಟ್ ಕೆಟ್ಟದ್ದು ಅಂತ ಮಾತಾಡಿಕೊಂಡೆವು. ಹೊಸ ಲಾಟ್ ತರಿಸಲು ಪತ್ರವನ್ನೂ ಬರೆದಾಗಿತ್ತು.

ನಮ್ಮ ಹಿರಿಯ ಸಹೋದ್ಯೋಗಿ ಒಬ್ಬರು ಲಾಗ್ ಪುಸ್ತಕ ಓದಿ ಕೇಳಿದ ಒಂದು ಪ್ರಶ್ನೆಯಿಂದ ದಾರಿ ತಿರುಗಿತು. "ಒರೆಸಿದ ಮೇಲೆ ಸರಿ ಹೋಯ್ತು ಅಂತ ಬರೆದಿದ್ದೀರಲ್ಲ, ಒರೆಸಿದ ಬಟ್ಟೆ ನೋಡಿದ್ರಾ? ಅದರಲ್ಲಿ ಕೊಳೆ ಇತ್ತಾ?"

"ಇಲ್ಲ ಸರ್, ಬಟ್ಟೆ ಬೆಳ್ಳಗೇ ಇತ್ತು."

"ಮತ್ತೆ ಒರೆಸಿದಾಗ ಏನು ಹೋಯ್ತು?"

ಪುಡಿ ಎರಚಿ ನೋಡಿದ್ದು

ಹೋದದ್ದು ಕಣ್ಣಿಗೆ ಕಾಣದ್ದು ಅಂದರೆ ಅದನ್ನು ಕಾಣುವಂತೆ ಮಾಡಬೇಕು. ಇದಕ್ಕೆ ತುಂಬಾ ಹಳೆಯ ಉಪಾಯ ಒಂದಿದೆ. 1777ರಲ್ಲಿ ಗಾಟಿಂಗೆನ್‌ನಲ್ಲಿ ಗೇಯೋರ್ಗ್ ಕ್ರಿಸ್ಟೋಫ್ ಲಿಖ್ಟೆನ್‌ಬೆರ್ಗ್ ರಾಳದ ಫಲಕದ ಮೇಲೆ ಕೂತ ಧೂಳು ನಕ್ಷತ್ರದಂಥ ಆಕಾರಗಳಲ್ಲಿ ಜೋಡಿಸಿಕೊಂಡಿದ್ದನ್ನು ಗಮನಿಸಿದರು. ಇನ್ಸುಲೇಟರ್ ಮೇಲೆ ಚಾರ್ಜ್ ಎಲ್ಲಿ ಕೂತಿದೆಯೋ ಅಲ್ಲಿ ಪುಡಿ ಹೋಗಿ ಅಂಟುತ್ತದೆ. ಪ್ಲಸ್ ಚಾರ್ಜಿನ ಚಿತ್ರ ಮರದ ಕೊಂಬೆಗಳ ಹಾಗೆ ಹರಡಿರುತ್ತದೆ, ಮೈನಸ್‌ನದು ದುಂಡಗೆ, ನುಣ್ಣಗೆ. ಈ ಒಂದು ವಿಷಯದಿಂದಲೇ ಮುಂದೆ ಜೆರಾಕ್ಸ್ ಯಂತ್ರ ಬಂತು ಅಂದರೆ ತಪ್ಪಲ್ಲ. ಚಾರ್ಜ್ ಇದ್ದಲ್ಲಿ ಪುಡಿ ಅಂಟುತ್ತದೆ, ಆ ಪುಡಿಯನ್ನು ಕಾಗದಕ್ಕೆ ಇಳಿಸಬಹುದು ಅಂತ ಚೆಸ್ಟರ್ ಕಾರ್ಲ್‌ಸನ್ 1938ರಲ್ಲಿ ತೋರಿಸಿದರು.

ನಾವು ಪ್ರಿಂಟರ್ ಟೋನರ್ ಬಳಸಿದೆವು. ನಮ್ಮಲ್ಲಿದ್ದ ಟೋನರ್ ತಾನೇ ಮೈನಸ್ ಚಾರ್ಜ್ ಹಿಡಿಯುವಂಥದ್ದು. ಹಾಗಾಗಿ ಅದು ಪ್ಲಸ್ ಇದ್ದಲ್ಲಿ ಅಂಟುತ್ತದೆ, ಮೈನಸ್ ಇದ್ದಲ್ಲಿಂದ ದೂರ ಸರಿಯುತ್ತದೆ. ಐದು ಗಂಟೆ ಮೈನಸ್ 25ರಲ್ಲಿಟ್ಟು, ಆಫ್ ಮಾಡಿ, ಎರಡೂ ತಟ್ಟೆಗಳನ್ನು ಅರ್ತ್ ಮಾಡಿ, ಕಂಬದ ಮೇಲೆ ಟೋನರನ್ನು ಮೆಲ್ಲಗೆ ಊದಿದೆವು. ಕಂಬದ ಮೇಲ್ತುದಿಯಲ್ಲಿ ಸುಮಾರು 10 ಮಿಲಿಮೀಟರ್ ಅಗಲದ ಪಟ್ಟಿ ಬೆಳ್ಳಗೇ ಉಳಿಯಿತು. ಕೆಳತುದಿಯಲ್ಲಿ ಕಪ್ಪು ಬಳೆ ಹಾಗೆ ಟೋನರ್ ದಟ್ಟವಾಗಿ ಕೂತಿತ್ತು, ಅದರಿಂದ ಸಣ್ಣ ಸಣ್ಣ ಕೊಂಬೆಗಳು ಮೇಲಕ್ಕೆ ಚಾಚಿದ್ದವು. ನಡುವಿನ ಭಾಗದಲ್ಲಿ ತೆಳ್ಳಗೆ ಬೂದು ಬಣ್ಣ. ಆ ಕ್ಷಣ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಮೂರು ವಾರ ಧೂಳು ಅಂತ ನಾವು ಬೈಯುತ್ತಿದ್ದದ್ದು ಕೊನೆಗೂ ಎದುರಿಗೆ ಬಂದಿತ್ತು, ಧೂಳಿನಿಂದಲೇ.

ಆಮೇಲೆ ಸರಿಯಾದ ಅಳತೆ. ಮುಟ್ಟದೆ ಅಳೆಯುವ ಸ್ಥಾಯೀ ವಿದ್ಯುತ್ ವೋಲ್ಟ್‌ಮೀಟರಿನ ಪ್ರೋಬನ್ನು ಕಂಬದಿಂದ 3 ಮಿಲಿಮೀಟರ್ ದೂರದಲ್ಲಿ ಹಿಡಿದು, ಕಂಬವನ್ನು ತಿರುಗಿಸುತ್ತಾ ಮೇಲಿಂದ ಕೆಳಗೆ ಓದಿದೆವು. ಮೇಲ್ತುದಿಯ ಪಟ್ಟಿಯಲ್ಲಿ ಮೈನಸ್ 4.1 ಕಿಲೋವೋಲ್ಟ್, ಕೆಳತುದಿಯಲ್ಲಿ ಪ್ಲಸ್ 1.8. ಎರಡೂ ತಟ್ಟೆ ಅರ್ತ್‌ನಲ್ಲಿವೆ, ಸಪ್ಲೈ ಬಂದ್ ಆಗಿದೆ, ಆದರೂ ಕಂಬದ ಮೈಮೇಲೆ ನಾಲ್ಕು ಕಿಲೋವೋಲ್ಟ್ ಕೂತಿದೆ. ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಪ್ರೋಬ್ ತೋರಿಸುವುದು ಆ ಜಾಗದ ಚಾರ್ಜನ್ನಷ್ಟೇ ಅಲ್ಲ, ಸುತ್ತಮುತ್ತಲಿನ ಚಾರ್ಜು, ಹತ್ತಿರದ ಲೋಹ ಎಲ್ಲ ಸೇರಿದ ಪರಿಣಾಮವನ್ನು. ಚಪ್ಪಟೆ ಹಾಳೆಯ ಮೇಲೆ ನೇರ ಲೆಕ್ಕ ನಡೆಯುತ್ತದೆ, ದುಂಡು ಕಂಬದ ಮೇಲೆ ಕಂಪ್ಯೂಟರಿನಲ್ಲಿ ಹಿಮ್ಮುಖ ಲೆಕ್ಕ ಮಾಡಬೇಕು. ಮಾಡಿದೆವು. ಮೇಲಿನ ಪಟ್ಟಿಯಲ್ಲಿ ಚದರ ಮೀಟರಿಗೆ ಸುಮಾರು 10 ಮೈಕ್ರೋಕೂಲಂಬ್ ಬಂತು (ಕೂಲಂಬ್ ಅಂದರೆ ಚಾರ್ಜಿನ ಅಳತೆ).

ಇದು ಎಷ್ಟು ಅಂತ ಅಂದಾಜಿಗೆ ಸಿಗಲಿ. ಗಾಳಿ ಸೆಂಟಿಮೀಟರಿಗೆ ಸುಮಾರು 30 ಕಿಲೋವೋಲ್ಟ್‌ವರೆಗೆ ತಡೆಯುತ್ತದೆ. ಆ ಮಿತಿ ತಲುಪಲು ಮೇಲ್ಮೈಯಲ್ಲಿ ಚದರ ಮೀಟರಿಗೆ 26 ಮೈಕ್ರೋಕೂಲಂಬ್ ಇದ್ದರೆ ಸಾಕು. ಹಾಗಾಗಿ ನಮ್ಮ 10 ಅನ್ನುವುದು ಚಿಲ್ಲರೆ ಅಲ್ಲ. ಆದರೂ ಪರಮಾಣುಗಳ ಲೆಕ್ಕದಲ್ಲಿ ನೋಡಿದರೆ ಮೇಲ್ಮೈಯ ಒಂದು ಲಕ್ಷಕ್ಕೂ ಜಾಸ್ತಿ ಪರಮಾಣುಗಳಿಗೆ ಒಂದೇ ಒಂದು ಹೆಚ್ಚುವರಿ ಎಲೆಕ್ಟ್ರಾನ್! ಇಷ್ಟು ಅಪರೂಪಕ್ಕೆ ಕೂತ ಎಲೆಕ್ಟ್ರಾನ್‌ಗಳು ಒಂದು ಬೆಂಚನ್ನೇ ನಿಲ್ಲಿಸಿದವು.

ಚಾರ್ಜ್ ಅಲ್ಲಿಗೆ ಬಂದದ್ದು ಹೇಗೆ

ಟೆಫ್ಲಾನ್ ಕರೆಂಟ್ ಬಿಡುವುದಿಲ್ಲ ಅಂದ ಮೇಲೆ ಎಲೆಕ್ಟ್ರಾನ್ ಅಲ್ಲಿಗೆ ಹೋಗಿದ್ದು ಹೇಗೆ ಅನ್ನುವುದು ಸಹಜ ಪ್ರಶ್ನೆ. ಅದು ಟೆಫ್ಲಾನಿನ ಒಳಗಿಂದ ಬರಲಿಲ್ಲ, ಗಾಳಿಯ ಕಡೆಯಿಂದ ಬಂತು. ಲೋಹ, ಪ್ಲಾಸ್ಟಿಕ್, ಗಾಳಿ ಮೂರೂ ಕೂಡುವ ಅಂಚು ಇರುತ್ತದಲ್ಲ, ತಟ್ಟೆಗೆ ಕಂಬ ತಾಗುವ ಆ ಸಂದಿ, ಎಲ್ಲ ಹೈ ವೋಲ್ಟೇಜ್ ಕೆಲಸಗಳಲ್ಲೂ ಅದೇ ತಲೆನೋವಿನ ಜಾಗ. ಎಷ್ಟೇ ಚೆನ್ನಾಗಿ ಕೂರಿಸಿದರೂ ಅಲ್ಲಿ ಕೂದಲೆಳೆಯಷ್ಟು ಗಾಳಿ ಉಳಿಯುತ್ತದೆ. ವೋಲ್ಟೇಜ್ ಕೊಟ್ಟಾಗ ಆ ತೆಳು ಗಾಳಿಯಲ್ಲಿ ವಿದ್ಯುತ್ ಕ್ಷೇತ್ರ (ಸೆಂಟಿಮೀಟರಿಗೆ ಎಷ್ಟು ವೋಲ್ಟ್ ಅನ್ನುವ ಲೆಕ್ಕ) ಪಕ್ಕದ ಪ್ಲಾಸ್ಟಿಕ್‌ಗಿಂತ ಸುಮಾರು ಎರಡು ಪಟ್ಟು ಜಾಸ್ತಿ, ಯಾಕೆಂದರೆ ಟೆಫ್ಲಾನಿನ ಪರ್ಮಿಟಿವಿಟಿ (ವಸ್ತು ತನ್ನೊಳಗಿನ ಕ್ಷೇತ್ರವನ್ನು ಎಷ್ಟು ತಗ್ಗಿಸುತ್ತದೆ ಅನ್ನುವ ಅಳತೆ) ಗಾಳಿಗಿಂತ 2.1 ಪಟ್ಟು. ಅಲ್ಲಿ ಸದ್ದಿಲ್ಲದೆ ಸಣ್ಣ ಸಣ್ಣ ಡಿಸ್ಚಾರ್ಜ್ ನಡೆಯುತ್ತದೆ. ದೀಪ ಆರಿಸಿ ಕ್ಯಾಮೆರಾವನ್ನು ನಿಮಿಷಗಟ್ಟಲೆ ತೆರೆದಿಟ್ಟರೆ ನಸು ನೀಲಿ ಬಳೆಯೊಂದು ಕಾಣಿಸಿತು.

ಮೇಲಿನ ತಟ್ಟೆ ಮೈನಸ್ ಆದ್ದರಿಂದ ಅಲ್ಲಿಂದ ಹೊರಟ ಎಲೆಕ್ಟ್ರಾನ್‌ಗಳು ಹತ್ತಿರದ ಟೆಫ್ಲಾನಿನ ಮೈಮೇಲೆ ಕೂತವು. ಕೆಳಗಿನ ಅಂಚಿನಲ್ಲಿ ಇದೇ ಕಥೆ ತಿರುಗಾಮುರುಗ, ಅಲ್ಲಿ ಪ್ಲಸ್. ಗಮನಿಸಬೇಕಾದ್ದು ಏನೆಂದರೆ, ಪ್ರತಿ ತಟ್ಟೆಯ ಪಕ್ಕದಲ್ಲಿ ಕೂತದ್ದು ಆ ತಟ್ಟೆಯದೇ ಜಾತಿಯ ಚಾರ್ಜ್. ಮೈನಸ್ ತಟ್ಟೆಯ ಪಕ್ಕ ಮೈನಸ್ ಬಂದು ಕೂತಾಗ ಅದು ತಟ್ಟೆಯ ಅಂಚಿನ ಕ್ಷೇತ್ರವನ್ನು ಇಳಿಸುತ್ತದೆ. ಕ್ಷೇತ್ರ ಇಳಿದಂತೆ ಡಿಸ್ಚಾರ್ಜ್ ತಾನಾಗಿ ನಿಲ್ಲುತ್ತದೆ. ಬೆಳಿಗ್ಗೆ ಐದು ಗಂಟೆ ಕಂಬ ಅಷ್ಟು ಶಾಂತವಾಗಿ ನಿಲ್ಲುತ್ತಿದ್ದದ್ದು ಅದಕ್ಕೇ. ಅದು ತನಗೆ ತಾನೇ ಗುರಾಣಿ ಕಟ್ಟಿಕೊಂಡಿತ್ತು.

ಮಧ್ಯಾಹ್ನ ನಾವು ಪೊಲ್ಯಾರಿಟಿ ತಿರುಗಿಸಿದೆವು. ತಟ್ಟೆ ಈಗ ಪ್ಲಸ್, ಆದರೆ ಪಕ್ಕದಲ್ಲಿ ಬೆಳಗಿನ ಮೈನಸ್ ಹಾಗೇ ಕೂತಿದೆ. ಗುರಾಣಿ ಆಗಿದ್ದದ್ದೇ ಈಗ ಎದುರಾಳಿ. 22 ಕಿಲೋವೋಲ್ಟನ್ನು 4 ಸೆಂಟಿಮೀಟರಿಗೆ ಹಂಚಿದರೆ ಸೆಂಟಿಮೀಟರಿಗೆ 5.5 ಕಿಲೋವೋಲ್ಟ್. ಚದರ ಮೀಟರಿಗೆ 10 ಮೈಕ್ರೋಕೂಲಂಬ್ ಚಾರ್ಜ್ ತಾನೊಂದೇ ತನ್ನ ಹತ್ತಿರದ ಗಾಳಿಯಲ್ಲಿ ಸೆಂಟಿಮೀಟರಿಗೆ 11 ಕಿಲೋವೋಲ್ಟ್‌ವರೆಗೆ ಕ್ಷೇತ್ರ ಎಬ್ಬಿಸಬಲ್ಲದು. ಅಂದರೆ ನಾವು ಸಪ್ಲೈಯಿಂದ ಕೊಡುತ್ತಿದ್ದದ್ದಕ್ಕಿಂತ ಹಳೆಯ ಚಾರ್ಜ್ ಕೊಡುತ್ತಿದ್ದದ್ದೇ ಅಲ್ಲಿ ಜಾಸ್ತಿ. ಅಂಚಿನಲ್ಲಿ ಪ್ಲಸ್ ಸ್ಟ್ರೀಮರ್ ಹುಟ್ಟಿತು, ಅಂದರೆ ಕಿಡಿಗೆ ಮುಂಚೆ ಗಾಳಿಯಲ್ಲಿ ಓಡುವ ತೆಳು ಡಿಸ್ಚಾರ್ಜ್ ಎಳೆ. ಗಾಳಿಯಲ್ಲಿ ಪ್ಲಸ್ ಸ್ಟ್ರೀಮರ್ ಒಮ್ಮೆ ಹುಟ್ಟಿದರೆ ಸಾಕು, ಮುಂದಕ್ಕೆ ಓಡಲು ಸೆಂಟಿಮೀಟರಿಗೆ ಸುಮಾರು 5 ಕಿಲೋವೋಲ್ಟ್ ಇದ್ದರೂ ನಡೆಯುತ್ತದೆ. ನಮ್ಮ 4 ಸೆಂಟಿಮೀಟರಿಗೆ ಅದು 20 ಕಿಲೋವೋಲ್ಟ್. ನಮ್ಮ ಕಿಡಿ 20ರ ಕೆಳಗೆ ಹಾರಿದ್ದು ಕಮ್ಮಿ, 20 ದಾಟಿದ ಮೇಲೆ ಹಾರಿದ್ದೇ ಜಾಸ್ತಿ. ಹಾಳೆಯಲ್ಲಿ ಈ ಲೆಕ್ಕ ಬರೆದ ಮೇಲೆ ಲಾಗ್ ಪುಸ್ತಕದ ಅಂಕಿಗಳನ್ನು ಮತ್ತೆ ಓದಿದಾಗ ಎಲ್ಲ ಒಂದೊಂದಾಗಿ ಕೂಡಿಕೊಂಡವು.

ಇದು ನಮ್ಮ ಪುಟ್ಟ ಬೆಂಚಿನ ಕಥೆ ಮಾತ್ರ ಅಲ್ಲ. ದೂರಕ್ಕೆ ಡಿಸಿ ವಿದ್ಯುತ್ ಒಯ್ಯುವ, ಥೈರಿಸ್ಟರ್ ಎಂಬ ಹಳೆಯ ಬಗೆಯ ಸ್ವಿಚ್ ಬಳಸುವ ಎಚ್‌ವಿಡಿಸಿ ಲೈನ್‌ಗಳಲ್ಲಿ ವಿದ್ಯುತ್ ಹರಿಯುವ ದಿಕ್ಕು ಬದಲಿಸಬೇಕಾದರೆ ವೋಲ್ಟೇಜಿನ ಪೊಲ್ಯಾರಿಟಿಯನ್ನೇ ತಿರುಗಿಸುತ್ತಾರೆ, ಆಗ ಕೇಬಲಿನ ಇನ್ಸುಲೇಷನ್‌ನಲ್ಲಿ ಸೇರಿಕೊಂಡ ಚಾರ್ಜ್ ಇದೇ ರೀತಿ ಎದುರು ನಿಲ್ಲುತ್ತದೆ. ಟ್ರಾನ್ಸಿಸ್ಟರ್ ಬಗೆಯ ಹೊಸ ಕನ್ವರ್ಟರ್‌ಗಳು ವೋಲ್ಟೇಜ್ ಹಾಗೇ ಇಟ್ಟು ಕರೆಂಟನ್ನು ತಿರುಗಿಸುತ್ತವೆ. ಪ್ಲಾಸ್ಟಿಕ್ ಇನ್ಸುಲೇಷನ್ ಇರುವ ಡಿಸಿ ಕೇಬಲ್‌ಗಳು ಅವುಗಳ ಜೊತೆಗೇ ಚೆನ್ನಾಗಿ ಹೊಂದಿಕೊಂಡದ್ದಕ್ಕೆ ಇದೊಂದು ಮುಖ್ಯ ಕಾರಣ.

ಒಣ ಬಟ್ಟೆಯ ವಿಷಯ

ಆದರೆ ಒರೆಸಿದ ತಕ್ಷಣ ಹಾರಿದ ಕಿಡಿ? ಮೈನಸ್ ಕೊಡದ ಹೊಸ ಕಂಬದಲ್ಲಿ ಹಾರಿದ್ದು?

ಇದಕ್ಕೆ ಉತ್ತರ ಯಾರು ಹೇಗೆ ಒರೆಸಿದರು ಅನ್ನುವುದರಲ್ಲಿತ್ತು. ಮೊದಲೆರಡು ವಾರ ಒರೆಸಿದವರು ಆಲ್ಕೋಹಾಲ್ ಹಚ್ಚಿ ಹಾಗೇ ಆರಲು ಬಿಡುತ್ತಿದ್ದರು. ಒದ್ದೆ ಆಲ್ಕೋಹಾಲ್ ಪದರ ಸ್ವಲ್ಪ ಕರೆಂಟ್ ಹರಿಸುತ್ತದೆ, ಆದ್ದರಿಂದ ಮೇಲ್ಮೈಯ ಚಾರ್ಜ್ ಅದರ ಮೂಲಕ ತಟ್ಟೆಗೂ ಕೈಗೂ ಹರಿದು ಹೋಗುತ್ತಿತ್ತು. ಮೂರನೇ ವಾರ ಬಂದ ಹುಡುಗ ತುಂಬಾ ಅಚ್ಚುಕಟ್ಟು. ಆಲ್ಕೋಹಾಲ್ ಆರಿದ ಮೇಲೆ ಒಣ ಬಟ್ಟೆಯಿಂದ ಹೊಳೆಯುವ ತನಕ ಉಜ್ಜುತ್ತಿದ್ದ. ಯಾವ ವಸ್ತುವನ್ನು ಯಾವುದರಿಂದ ಉಜ್ಜಿದರೆ ಯಾವುದು ಮೈನಸ್ ಆಗುತ್ತದೆ ಅಂತ ಸಾಲಾಗಿ ಜೋಡಿಸಿದ ಪಟ್ಟಿ ಇದೆ. ಅದರಲ್ಲಿ ಮೈನಸ್ ಕಡೆಯ ತುತ್ತತುದಿಯಲ್ಲಿ ಇರುವುದೇ ಟೆಫ್ಲಾನ್. ಸುಮಾರಾಗಿ ಯಾವುದರಿಂದ ಉಜ್ಜಿದರೂ ಅದು ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ.

"ನಾನು ಚೊಕ್ಕ ಮಾಡ್ತಿದ್ದೆ ಸರ್" ಅಂದ ಪಾಪ. ಮಾಡಿದ್ದು ಸರಿಯೇ, ಅವನನ್ನು ಯಾರೂ ಬೈಯಲಿಲ್ಲ. ಅವನ ಕೈಯಿಂದಲೇ ಮತ್ತೆ ಉಜ್ಜಿಸಿ ಪ್ರೋಬ್ ಹಿಡಿದೆವು. ಕಂಬದ ತುಂಬಾ ಮೈನಸ್, ಕೆಲವು ಕಡೆ 3 ಕಿಲೋವೋಲ್ಟ್ ದಾಟಿತ್ತು, ತೇಪೆ ತೇಪೆಯಾಗಿ. ಒಮ್ಮೊಮ್ಮೆ ಹಾರಿತು, ಒಮ್ಮೊಮ್ಮೆ ಇಲ್ಲ ಅಂದೆನಲ್ಲ, ತೇಪೆ ಮೇಲಿನ ಅಂಚಿಗೆ ಬಂದ ದಿನ ಹಾರುತ್ತಿತ್ತು. ಹೊಸ ಲಾಟ್ ಬೇಡ ಅಂತ ಅವತ್ತೇ ಇನ್ನೊಂದು ಪತ್ರ ಬರೆದೆವು.

ಹೋಗುವ ದಾರಿಗಳು

ನನಗೆ ಈ ಪ್ರಕರಣದಲ್ಲಿ ಅತಿ ಹೆಚ್ಚು ಕಲಿಸಿದ ಭಾಗ ಇದು. ಚಾರ್ಜ್ ಬರುವುದು ನಿಮಿಷಗಳ ಮಾತು. ಹೋಗುವುದಕ್ಕೆ ಮೂರೇ ದಾರಿ: ವಸ್ತುವಿನ ಒಳಗಿಂದ, ಮೇಲ್ಮೈ ಮೇಲೆ ಜಾರಿಕೊಂಡು, ಇಲ್ಲವೇ ಗಾಳಿಯಲ್ಲಿನ, ಚಾರ್ಜ್ ಹೊತ್ತ ಅಣುಗಳಾದ ಎದುರು ಜಾತಿಯ ಅಯಾನ್‌ಗಳು ಬಂದು ಸೇರಿ.

ಒಳಗಿನ ದಾರಿಗೆ ಒಂದು ಸುಲಭ ಲೆಕ್ಕ ಇದೆ. ವಸ್ತುವಿನ ರೆಸಿಸ್ಟಿವಿಟಿಯನ್ನು (ಕರೆಂಟನ್ನು ಎಷ್ಟು ತಡೆಯುತ್ತದೆ ಅನ್ನುವ ಅಳತೆ) ಅದರ ಪರ್ಮಿಟಿವಿಟಿಯಿಂದ ಗುಣಿಸಿದರೆ ಬರುವ ಸಮಯದಲ್ಲಿ ಚಾರ್ಜ್ ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ರೆಸಿಸ್ಟಿವಿಟಿ 10ರ ಘಾತ 14 ಓಮ್ ಮೀಟರ್ ಇರುವ ಎಪಾಕ್ಸಿಗೆ ಇದು ಹತ್ತಿರ ಹತ್ತಿರ ಒಂದು ಗಂಟೆ. 10ರ ಘಾತ 16 ಅಂತ ಹಿಡಿದರೂ ಟೆಫ್ಲಾನಿಗೆ ಎರಡು ದಿನ ದಾಟುತ್ತದೆ, ನಿಜವಾದ ಟೆಫ್ಲಾನ್ ಇದಕ್ಕಿಂತಲೂ ಬಿಗಿ ಇರಬಹುದು. ಇದು ಅದರ ದೋಷ ಅಲ್ಲ. ಬೆಲ್ ಲ್ಯಾಬ್ಸ್‌ನಲ್ಲಿ 1962ರಲ್ಲಿ ಗೆರ್ಹಾರ್ಡ್ ಸೆಸ್ಲರ್ ಮತ್ತು ಜೇಮ್ಸ್ ವೆಸ್ಟ್ ಮಾಡಿದ ಎಲೆಕ್ಟ್ರೆಟ್ ಮೈಕ್ ನಿಂತಿರುವುದು ಇಂಥ ಗುಣದ ಮೇಲೇ. ಟೆಫ್ಲಾನ್ ಜಾತಿಯ ಹಾಳೆಗೆ ಒಮ್ಮೆ ಚಾರ್ಜ್ ಕೂರಿಸಿದರೆ ಅದು ವರ್ಷಗಟ್ಟಲೆ ಉಳಿಯುತ್ತದೆ. ಅಲ್ಲಿ ಬೇಕಾದದ್ದು ನಮ್ಮಲ್ಲಿ ಬೇಡವಾಗಿತ್ತು, ಅಷ್ಟೇ.

ಮೇಲ್ಮೈಯ ದಾರಿ ತೇವಾಂಶದ ಮೇಲೆ ನಿಂತಿದೆ. ಪರೀಕ್ಷೆಗೆ ಅಂತ ಗಾಜು, ಬೇಕಲೈಟ್, ಟೆಫ್ಲಾನ್ ಮೂರಕ್ಕೂ ಚಾರ್ಜ್ ಕೂರಿಸಿ ತೇವಾಂಶವನ್ನು ಶೇ 60ಕ್ಕೆ ಏರಿಸಿದೆವು. ಗಾಜಿನ ಮತ್ತು ಬೇಕಲೈಟಿನ ಚಾರ್ಜ್ ಬೇಗ ಕರಗಿತು, ಮೈಮೇಲೆ ಕೂತ ತೆಳು ನೀರಿನ ಪದರದಲ್ಲಿ ಹರಿದು ಹೋಯಿತು. ಟೆಫ್ಲಾನಿಗೆ ನೀರು ಅಂಟುವುದೇ ಇಲ್ಲವಲ್ಲ, ಅಲ್ಲಿ ಪದರವೇ ಕೂಡಿಕೊಳ್ಳಲಿಲ್ಲ, ಅಳತೆ ಅಷ್ಟೇನೂ ಅಲುಗಲಿಲ್ಲ. ಚೂರು ಕೊಳೆ ಇದ್ದಿದ್ದರೆ ತೇವ ಹಿಡಿದು ಸ್ವಲ್ಪ ಹರಿಯುತ್ತಿತ್ತೋ ಏನೋ, ನಾವು ಒರೆಸಿ ಒರೆಸಿ ಅದನ್ನೂ ತೆಗೆದುಹಾಕಿದ್ದೆವು.

ಉಳಿದದ್ದು ಗಾಳಿ. ಗಾಳಿಯಲ್ಲಿ ಅಯಾನ್‌ಗಳು ತಾವಾಗಿಯೇ ಹುಟ್ಟುತ್ತಿರುತ್ತವೆ. ಕಾಸ್ಮಿಕ್ ಕಿರಣ, ರೇಡಾನ್, ಸುತ್ತಲಿನ ವಿಕಿರಣ ಎಲ್ಲ ಸೇರಿ ನೆಲದ ಹತ್ತಿರ ಪ್ರತಿ ಘನ ಸೆಂಟಿಮೀಟರಿನಲ್ಲಿ ಸೆಕೆಂಡಿಗೆ ಸುಮಾರು 10 ಜೋಡಿ. ಈಗ ನಮ್ಮ ಪೆಟ್ಟಿಗೆಯ ಲೆಕ್ಕ ಹಾಕಿ. ಮೇಲಿನ ಪಟ್ಟಿಯಲ್ಲಿ ಒಟ್ಟು 9 ನ್ಯಾನೊಕೂಲಂಬ್ ಇದೆ. 100 ಲೀಟರ್ ಗಾಳಿಯಲ್ಲಿ ಹುಟ್ಟಿದ ಪ್ರತಿ ಪ್ಲಸ್ ಅಯಾನೂ ನೇರ ಬಂದು ಕಂಬಕ್ಕೇ ಸೇರಿತು ಅಂತ ಹಿಡಿದರೂ ಅದು ಮುಗಿಯಲು 16 ಗಂಟೆ ಬೇಕು. ನಿಜದಲ್ಲಿ ಎಷ್ಟೋ ಅಯಾನ್‌ಗಳು ದಾರಿಯಲ್ಲೇ ಜೋಡಿ ಸೇರಿ ಮುಗಿಯುತ್ತವೆ, ಗೋಡೆಗೆ ಹೋಗುತ್ತವೆ, ಆದ್ದರಿಂದ ಇನ್ನೂ ಜಾಸ್ತಿ ಹೊತ್ತು. ಬಾಗಿಲು ತೆರೆದಿಟ್ಟರೆ ಇಡೀ ಕೋಣೆಯ ಗಾಳಿ ಓಡಾಡುತ್ತದೆ, ಕಂಬಕ್ಕೆ ಸಿಗುವ ಅಯಾನ್‌ಗಳೂ ಹೆಚ್ಚು. ಮೊದಲು ಮಧ್ಯಾಹ್ನದ ಒಂದು ಗಂಟೆ ಬಾಗಿಲು ತೆರೆದಿಡುತ್ತಿದ್ದದ್ದು, ಕಿಡಿ ವಾರಕ್ಕೆ ಎರಡೇ ಸಲ ಹಾರುತ್ತಿದ್ದದ್ದು, ಎರಡನ್ನೂ ಜೊತೆಗಿಟ್ಟು ನೋಡಿದಾಗ ನಾವೆಲ್ಲ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಸೀಲ್ ಹಾಕಿ, ಒಣಗಿಸಿ, ಚೊಕ್ಕ ಮಾಡಿ, ಚಾರ್ಜ್ ಹೊರಗೆ ಹೋಗುವ ದಾರಿಗಳನ್ನು ನಾವೇ ಒಂದೊಂದಾಗಿ ಮುಚ್ಚಿದ್ದೆವು.

ಮುಚ್ಚಿದ ಪೆಟ್ಟಿಗೆಯಲ್ಲಿ ಅಳೆದ ಇಳಿಕೆ ಹೀಗಿತ್ತು: ಆಫ್ ಮಾಡಿದಾಗ ಮೈನಸ್ 4.1 ಕಿಲೋವೋಲ್ಟ್, ಒಂದು ಗಂಟೆಗೆ 3.7, ಮಾರನೇ ಬೆಳಿಗ್ಗೆ 2.3, ಮೂರನೇ ದಿನ 1.5. ಮೊದಲ ಗಂಟೆಯಲ್ಲಿ ಶೇ 10 ಹೋಯಿತು, ಹಾಗಾದರೆ ಪ್ರತಿ ಗಂಟೆಗೂ ಶೇ 10 ಹೋಗುತ್ತದೆ ಅಂತ ಲೆಕ್ಕ ಹಾಕಿದರೆ ಬೆಳಿಗ್ಗೆ 0.8ಕ್ಕೆ ಬರಬೇಕಿತ್ತು. ಬರಲಿಲ್ಲ. ಮೊದಲು ಬೇಗ, ಆಮೇಲೆ ನಿಧಾನ, ಆಮೇಲೆ ಇನ್ನೂ ನಿಧಾನ. ಪ್ರತಿ ಗಂಟೆಗೂ ಒಂದೇ ಪ್ರಮಾಣದಲ್ಲಿ ಇಳಿಯುವ ಪುಸ್ತಕದ ಕೆಪಾಸಿಟರಿನ ಗೆರೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಯಾಕೆಂದರೆ ಎಲೆಕ್ಟ್ರಾನ್ ಪ್ಲಾಸ್ಟಿಕ್ ಮೇಲೆ ಸುಮ್ನೆ ಹಾಗೇ ಕೂತಿರುವುದಿಲ್ಲ, ಗುಂಡಿಗಳಲ್ಲಿ ಬಿದ್ದಿರುತ್ತದೆ. ಟ್ರ್ಯಾಪ್ ಅನ್ನುತ್ತಾರೆ. ಅಣುಸರಪಳಿಯ ಬಾಗು, ತುಂಡಾದ ಜಾಗ, ಬೆರಕೆ, ಹೀಗೆ ಬೇರೆ ಬೇರೆ ಆಳದ ಗುಂಡಿಗಳು. ಕೋಣೆಯ ಶಾಖ ಎಲೆಕ್ಟ್ರಾನನ್ನು ಸೆಕೆಂಡಿಗೆ ಸುಮಾರು 10ರ ಘಾತ 13 ಸಲ ಕುಲುಕುತ್ತದೆ ಅಂತ ಇಟ್ಟುಕೊಂಡರೆ, 0.8 ಎಲೆಕ್ಟ್ರಾನ್‌ವೋಲ್ಟ್ ಆಳದ (ಇದು ಶಕ್ತಿಯ ಅಳತೆ) ಗುಂಡಿಯಿಂದ ಅದು ಮೂರು ಸೆಕೆಂಡಿನಲ್ಲಿ ಹೊರಬರುತ್ತದೆ. 0.9 ಆದರೆ ಎರಡು ನಿಮಿಷ. 1.0 ಆದರೆ ಎರಡು ಗಂಟೆಗೆ ಹತ್ತಿರ. 1.1 ಆದರೆ ಮೂರು ದಿನ ದಾಟುತ್ತದೆ. ಆಳದಲ್ಲಿ ಇಷ್ಟೇ ಇಷ್ಟು ವ್ಯತ್ಯಾಸ, ಸಮಯದಲ್ಲಿ ಸೆಕೆಂಡಿನಿಂದ ದಿನಕ್ಕೆ ಹಾರಿಬಿಡುತ್ತದೆ! ಮೇಲಿನ ಗುಂಡಿಗಳು ಮೊದಲು ಖಾಲಿಯಾಗುತ್ತವೆ, ಆಮೇಲೆ ಉಳಿದವು ಆಳದವೇ.

ಒಂದೇ ಅಳತೆಯಿಂದ ಊಹೆ ಮಾಡಬಾರದು ಅನ್ನುವುದಕ್ಕೆ ಇನ್ನೂ ಒಂದು ಕಾರಣ. 1967ರಲ್ಲಿ ಜಪಾನಿನ ಇಯೆಡಾ, ಸಾವಾ, ಶಿನೋಹಾರಾ ಪಾಲಿಥೀನ್ ಹಾಳೆಗಳ ಮೇಲೆ ತೋರಿಸಿದ್ದು: ಹೆಚ್ಚು ವೋಲ್ಟೇಜಿಗೆ ಚಾರ್ಜ್ ಮಾಡಿದ ಹಾಳೆ ಎಷ್ಟು ಬೇಗ ಇಳಿಯಬಹುದೆಂದರೆ, ಕಮ್ಮಿ ಚಾರ್ಜ್ ಮಾಡಿದ ಹಾಳೆಯನ್ನು ದಾಟಿ ಅದಕ್ಕಿಂತ ಕೆಳಗೆ ಹೋಗುತ್ತದೆ. ತೆಳು ಹಾಳೆಯಲ್ಲಿ ಕ್ಷೇತ್ರ ಜಾಸ್ತಿಯಾದಾಗ ಚಾರ್ಜ್ ಮೈಯಿಂದ ಒಳಕ್ಕೆ ನುಗ್ಗುತ್ತದೆ ಅನ್ನುವುದು ಇದಕ್ಕೆ ಕೊಡುವ ವಿವರಣೆ. ನಮ್ಮ ಕಂಬ ದಪ್ಪ, ಅದಕ್ಕೆ ಇದನ್ನು ಹಾಗೇ ಅನ್ವಯಿಸಲು ಆಗುವುದಿಲ್ಲ, ಆದರೆ ನಾವು ಪರೀಕ್ಷೆ ಮಾಡುವ ಹಾಳೆಗಳಿಗೆ ನೇರವಾಗಿ ಅನ್ವಯಿಸುತ್ತದೆ. ಅವುಗಳ ಅಳತೆಯ ಕ್ರಮವನ್ನೂ ಇದರಿಂದ ತಿದ್ದಿಕೊಂಡೆವು.

ಏನು ಮಾಡಿದೆವು

ಮೊದಲು ಮಾಡಿದ ಪ್ರಯತ್ನ ಅರ್ತ್ ಕೋಲು. ತಟ್ಟೆಗೆ ಮುಟ್ಟಿಸುವ ಹಾಗೆ ಕಂಬಕ್ಕೂ ಮುಟ್ಟಿಸಿದರೆ ಆಯಿತಲ್ಲ ಅಂದುಕೊಂಡೆವು. ಕೋಲು ಮುಟ್ಟಿದ ಚುಕ್ಕೆಯಲ್ಲಿ ಮಾತ್ರ ಚಾರ್ಜ್ ಹೋಯಿತು, ಅರ್ಧ ಸೆಂಟಿಮೀಟರ್ ಪಕ್ಕದಲ್ಲಿ ಹಾಗೇ ಇತ್ತು. ಲೋಹದಲ್ಲಿ ಒಂದು ಕಡೆ ಮುಟ್ಟಿದರೆ ಎಲ್ಲವೂ ಹರಿದು ಬರುತ್ತದೆ, ಇನ್ಸುಲೇಟರಿನಲ್ಲಿ ಪಕ್ಕದ ಚಾರ್ಜಿಗೆ ಬರಲು ದಾರಿಯೇ ಇಲ್ಲ. ಹೈ ವೋಲ್ಟೇಜ್ ಕೆಲಸಕ್ಕೆ ಹೊಸದಾಗಿ ಬಂದವರಿಗೆ ಇದನ್ನು ಈಗ ನಾವು ಮೊದಲ ದಿನವೇ ಮಾಡಿ ತೋರಿಸುತ್ತೇವೆ. ಅರ್ತ್ ಮಾಡಿದ್ದೇವೆ ಅನ್ನುವ ಮಾತು ಲೋಹಕ್ಕೆ ಮಾತ್ರ.

ಕಂಬವನ್ನೇ ಎಪಾಕ್ಸಿಗೆ ಬದಲಿಸೋಣ ಅಂತ ಒಂದು ಮಾತು ಬಂತು. ಚಾರ್ಜ್ ಬೇಗ ಹೋಗುತ್ತದೆ ನಿಜ, ಆದರೆ ಆ ಹೋಗುವ ಕರೆಂಟೇ ನಮ್ಮ ಪಿಕೋಆಂಪಿಯರ್ ಅಳತೆಯಲ್ಲಿ ಬಂದು ಸೇರುತ್ತದೆ. ಬಿಟ್ಟೆವು.

ಉಳಿದದ್ದು ಎರಡು ಕೆಲಸ. ಒಂದು, ಚಾರ್ಜ್ ಹುಟ್ಟುವ ಜಾಗವನ್ನೇ ಸರಿ ಮಾಡುವುದು. ತಟ್ಟೆಗಳಲ್ಲಿ 5 ಮಿಲಿಮೀಟರ್ ಆಳದ ಗುಣಿ ಕೊರೆದು ಕಂಬದ ತುದಿಯನ್ನು ಅದರೊಳಗೆ ಕೂರಿಸಿದೆವು, ಗುಣಿಯ ಅಂಚನ್ನು ದುಂಡಗೆ ಮಾಡಿದೆವು, ಆ ಐದೈದು ಮಿಲಿಮೀಟರಿಗೆ ತಕ್ಕಂತೆ ಕಂಬವನ್ನು ಉದ್ದ ಮಾಡಿ ನಡುವಿನ ಅಂತರ 40 ಮಿಲಿಮೀಟರೇ ಇರುವಂತೆ ನೋಡಿಕೊಂಡೆವು. ಈಗ ಲೋಹ, ಪ್ಲಾಸ್ಟಿಕ್, ಗಾಳಿ ಕೂಡುವ ಸಂದಿ ಗುಣಿಯೊಳಗೆ ಅಡಗಿದೆ, ಅಲ್ಲಿ ಕ್ಷೇತ್ರ ಕಮ್ಮಿ. ಐದು ಗಂಟೆ ಮೈನಸ್ 25ರಲ್ಲಿಟ್ಟ ಮೇಲೆ ಪಟ್ಟಿಯಲ್ಲಿ 0.6 ಕಿಲೋವೋಲ್ಟ್ ಮಾತ್ರ ಬಂತು.

ಇನ್ನೊಂದು ಅಯಾನ್ ಫ್ಯಾನ್. ಸೂಜಿಗಳಿಗೆ ಎಸಿ ಹೈ ವೋಲ್ಟೇಜ್ ಕೊಟ್ಟು ಎರಡೂ ಜಾತಿಯ ಅಯಾನ್ ಮಾಡಿ ಊದುವಂಥದ್ದು. ಪೊಲ್ಯಾರಿಟಿ ತಿರುಗಿಸುವ ಮುಂಚೆ, ಸಪ್ಲೈ ಬಂದ್ ಇದ್ದಾಗ, ಇದನ್ನು ಹಾಕುತ್ತೇವೆ. ಹಳೆಯ ಕಂಬದ ಮೈನಸ್ 4 ಕಿಲೋವೋಲ್ಟ್ ಅರ್ಧ ನಿಮಿಷದಲ್ಲಿ 100 ವೋಲ್ಟ್‌ಗಿಂತ ಕೆಳಗೆ ಬಂತು. ಗಾಳಿ ತಾನಾಗಿ ದಿನಗಟ್ಟಲೆ ಮಾಡುತ್ತಿದ್ದ ಕೆಲಸವೇ ಇದು, ಅಯಾನ್ ಜಾಸ್ತಿ ಕೊಟ್ಟೆವು ಅಷ್ಟೇ. ಮೊದಲ ವಾರ ಫ್ಯಾನ್ ಹಾಕಿದ ಮೇಲೂ ಒಂದು ಕಿಡಿ ಹಾರಿತ್ತು. ನೋಡಿದರೆ ಕಂಬದ ಹಿಂಬದಿಗೆ ಗಾಳಿಯೇ ತಾಗುತ್ತಿರಲಿಲ್ಲ, ಅಲ್ಲಿ ಮೈನಸ್ 2 ಕಿಲೋವೋಲ್ಟ್ ಹಾಗೇ ಉಳಿದಿತ್ತು. ಈಗ ಎರಡು ಕಡೆಯಿಂದ ಎರಡು ನಿಮಿಷ ಊದಿಸಿ, ಪ್ರೋಬಿನಿಂದ ನಾಲ್ಕೂ ದಿಕ್ಕಿನಲ್ಲಿ ಓದಿ, ಆ ನಾಲ್ಕು ಅಂಕಿಗಳನ್ನು ಲಾಗ್ ಪುಸ್ತಕದಲ್ಲಿ ಬರೆದ ಮೇಲೇ ಪ್ಲಸ್ ಸ್ವಿಚ್ ಮುಟ್ಟುವುದು. ಒಣ ಬಟ್ಟೆಯನ್ನು ಪೆಟ್ಟಿಗೆಯ ಹತ್ತಿರದಿಂದಲೇ ತೆಗೆದಿದ್ದೇವೆ. ಸೀಲ್ ಮತ್ತು ಸಿಲಿಕಾ ಜೆಲ್ ಹಾಗೇ ಇವೆ, ಅಳತೆಗೆ ಅವು ಬೇಕು.

ಇದಾದ ಮೇಲೆ ಮೈನಸ್‌ನಿಂದ ಪ್ಲಸ್‌ಗೆ 40 ಸಲ ತಿರುಗಿಸಿ 30 ಕಿಲೋವೋಲ್ಟ್‌ವರೆಗೆ ಏರಿಸಿದೆವು. ಒಂದೂ ಕಿಡಿ ಹಾರಲಿಲ್ಲ. ಲಾಗ್ ಪುಸ್ತಕದಲ್ಲಿ "ಧೂಳು, ಒರೆಸಿದ ಮೇಲೆ ಸರಿ" ಅನ್ನುವ ಹಳೆಯ ಸಾಲುಗಳನ್ನು ಹೊಡೆದು ಹಾಕಲಿಲ್ಲ. ಪ್ರತಿ ಸಾಲಿನ ಪಕ್ಕ ಕೆಂಪು ಶಾಯಿಯಲ್ಲಿ ಆ ದಿನ ಒರೆಸಿದವರು ಯಾರು, ಒದ್ದೆ ಬಟ್ಟೆಯೋ ಒಣ ಬಟ್ಟೆಯೋ, ಬಾಗಿಲು ತೆರೆದಿತ್ತೋ ಮುಚ್ಚಿತ್ತೋ ಅಂತ ನೆನಪಿದ್ದಷ್ಟನ್ನು ಎಲ್ಲರೂ ಕೂತು ಬರೆದೆವು.